ಸಗಾಟ್‌ನ ಎದೆಯ ಗಾಯ ಮತ್ತು ನನ್ನ ತಮ್ಮನ ಪ್ರಶ್ನೆ

ನನ್ನ ತಮ್ಮ ಕಥೆ ನೋಡುವವನಲ್ಲ. ಫೈಟಿಂಗ್ ಗೇಮ್‌ನಲ್ಲಿ ಇಬ್ಬರು ಎದುರುಬದುರು ನಿಂತು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಅವನ ಹೆಬ್ಬೆರಳು ಬಟನ್ ಒತ್ತಿ ಆಗಿರುತ್ತದೆ. ಮಾತು ಹಾರಿಹೋಗುತ್ತದೆ, ಮೊದಲ ರೌಂಡ್ ಶುರುವಾಗುತ್ತದೆ. ಮೊನ್ನೆ ಸ್ಟ್ರೀಟ್ ಫೈಟರ್ ಆಲ್ಫಾ 3 ಆಡುತ್ತಿದ್ದಾಗ ಅವನನ್ನು ತಡೆದೆ.

"ಸ್ವಲ್ಪ ಇರೋ, ಅವನೇನು ಹೇಳ್ತಾನೆ ನೋಡೋಣ."

"ಏನ್ ಹೇಳಿದ್ರೂ ಆಮೇಲೆ ಹೊಡೆಯೋದೇ ತಾನೆ ಅಣ್ಣ? ಕಥೆ ಗೊತ್ತಿದ್ರೆ ನಿನ್ನ ಪಂಚ್ ಒಂದು ಫ್ರೇಮ್ ಬೇಗ ಬರುತ್ತಾ?"

ಬರುವುದಿಲ್ಲ. ಈ ಆಟಗಳು ಸೆಕೆಂಡಿಗೆ 60 ಫ್ರೇಮ್‌ಗಳ, ಅಂದರೆ ಬಿಡಿ ಚಿತ್ರಗಳ, ಲೆಕ್ಕದಲ್ಲಿ ಓಡುತ್ತವೆ. ಯಾವ ಹೊಡೆತ ಎಷ್ಟನೇ ಫ್ರೇಮ್‌ಗೆ ತಾಗುತ್ತದೆ, ಎದುರಾಳಿ ತಡೆದರೆ ನಾವು ಎಷ್ಟು ಫ್ರೇಮ್ ಹಿಂದೆ ಬೀಳುತ್ತೇವೆ, ಇದೆಲ್ಲ ನನ್ನ ತಮ್ಮನಿಗೆ ಬಾಯಿಪಾಠ. ಅವನು ನನಗಿಂತ ಚೆನ್ನಾಗಿ ಆಡುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಇಷ್ಟು ವರ್ಷಗಳಿಂದ ನಾನು ಈ ಆಟದಲ್ಲಿ ಸಗಾಟ್ ಎಂಬ ಪಾತ್ರವನ್ನೇ ಆರಿಸಿಕೊಳ್ಳುತ್ತಿದ್ದೇನೆ. ಅವನು ಎತ್ತರದವನು, ನಿಧಾನ, ನನ್ನ ಕೈಗೆ ಅಷ್ಟೇನೂ ಒಗ್ಗುವವನಲ್ಲ. ಆದರೂ ಯಾಕೆ ಅವನೇ?

ಗಾಯದಿಂದಾಗಿ. ನನಗೆ ತಿಳಿದಿರುವ ಪ್ರಾಮಾಣಿಕ ಉತ್ತರ ಇಷ್ಟೇ.

1987ರ ಮೊದಲ ಸ್ಟ್ರೀಟ್ ಫೈಟರ್‌ನಲ್ಲಿ ಸಗಾಟ್ ಕೊನೆಯ ಎದುರಾಳಿ. ಥಾಯ್ಲೆಂಡಿನ ಕಾದಾಟದ ಕಲೆಯಾದ ಮುಯ್ ಥಾಯ್‌ನ ಚಕ್ರವರ್ತಿ, ಒಂದು ಕಣ್ಣಿಗೆ ಪಟ್ಟಿ, ಎದೆ ಮಾತ್ರ ನುಣುಪು. ಆಟಗಾರ ರಿಯು ಎಂಬ ಪಾತ್ರವಾಗಿ ಅವನನ್ನು ಸೋಲಿಸುತ್ತಾನೆ, ಆಟ ಮುಗಿಯುತ್ತದೆ. 1991ರಲ್ಲಿ ಸ್ಟ್ರೀಟ್ ಫೈಟರ್ 2 ಬಂದಾಗ ಅದೇ ಸಗಾಟ್ ಮತ್ತೆ ಎದುರು ನಿಂತ. ಈ ಸಲ ಎದೆಗೆ ಅಡ್ಡಲಾಗಿ ಉದ್ದನೆಯ ಗಾಯದ ಗುರುತು. ರಿಯುನ ಶೊರಿಯುಕೆನ್, ಅಂದರೆ ನೆಲದಿಂದ ಮೇಲಕ್ಕೆ ಚಿಮ್ಮುವ ಆ ಮುಷ್ಟಿ, ಬಿಟ್ಟುಹೋದ ಗುರುತು ಅದು. ಅಷ್ಟೇ ಅಲ್ಲ, ಮೊದಲ ಆಟದಲ್ಲಿ ಅವನ ಬಳಿ ಇರದಿದ್ದ ಹೊಡೆತವೊಂದು ಈಗ ಇತ್ತು. ಅದೂ ನೆಲದಿಂದ ಮೇಲಕ್ಕೆ ಚಿಮ್ಮುವ ಮುಷ್ಟಿಯೇ, ಟೈಗರ್ ಅಪ್ಪರ್‌ಕಟ್. ತನ್ನನ್ನು ಸೀಳಿದ ಹೊಡೆತಕ್ಕೆ ಸಾಟಿಯಾದದ್ದನ್ನು ಅವನು ಸಾಧಿಸಿಕೊಂಡು ಬಂದಿದ್ದ. ಯಾರೂ ಇದನ್ನು ಅವನ ಬಾಯಲ್ಲಿ ಹೇಳಿಸಬೇಕಾಗಿರಲಿಲ್ಲ. ಗಾಯ ನೋಡಿ, ಮುಷ್ಟಿ ನೋಡಿ, ನಡುವಿನ ವರ್ಷಗಳು ತಾವಾಗಿಯೇ ಕಣ್ಣಿಗೆ ಕಟ್ಟುತ್ತವೆ.

ನಂತರದ ಆಟಗಳು ಈ ಕಥೆಗೆ ಇನ್ನೊಂದು ಮುಖ ಕೊಟ್ಟವು. ಆ ದಿನ ರಿಯು ಸೋಲುವ ಹಂತದಲ್ಲಿದ್ದ. ಒಳಗಿನ ಕೊಲ್ಲುವ ಹುಚ್ಚು ಅವನನ್ನು ಆವರಿಸಿತು, ಆ ಹೊಡೆತ ಬಿದ್ದದ್ದು ಆಗ. ಗೆದ್ದವನಿಗೇ ಆ ಗೆಲುವು ಒಂದು ಕಳಂಕ. ಇದನ್ನು ತಿಳಿದ ಮೇಲೆ ನಾನು ಯಾವತ್ತೂ ರಿಯು ಎದುರು ಸಗಾಟ್ ಆಗಿ ಸುಮ್ಮನೆ ಆಡಿಲ್ಲ. ಸ್ಟ್ರೀಟ್ ಫೈಟರ್ 5ರಲ್ಲಿ ಸಗಾಟ್ ತನ್ನ ಕೋಪವನ್ನು ಒಳಗೇ ಕೂಡಿಟ್ಟುಕೊಳ್ಳುವ ಚಲನೆಯೊಂದಿದೆ. ಎದೆಯ ಗಾಯ ಉರಿಯುತ್ತದೆ, ಮುಂದಿನ ಟೈಗರ್ ಅಪ್ಪರ್‌ಕಟ್‌ಗೆ ಬಲ ಹೆಚ್ಚುತ್ತದೆ. ಆಟದ ಭಾಷೆಯಲ್ಲಿ ಅದೊಂದು ಪವರ್-ಅಪ್. ನನಗೆ ಮಾತ್ರ ಆ ಬಟನ್ ಒತ್ತುವಾಗ ಪ್ರತಿ ಸಲವೂ ಎದೆಯಲ್ಲೊಂದು ಚುರುಕು.

ನಾನು ಹೇಳಬೇಕೆಂದಿರುವುದು ಇಲ್ಲೇ ಇದೆ. ಫೈಟಿಂಗ್ ಗೇಮ್‌ಗೆ ಕಥೆ ಬೇಕೇ ಎಂದು ಕೇಳಿದಾಗ ನಾವೆಲ್ಲ ತಪ್ಪು ಜಾಗದಲ್ಲಿ ಹುಡುಕುತ್ತೇವೆ. ಕಥೆ ಹೇಳಲೆಂದೇ ಇಟ್ಟ ಸ್ಟೋರಿ ಮೋಡ್‌ನಲ್ಲಿ, ಆಟದ ನಡುವೆ ನೋಡಲು ಬರುವ ಕಟ್‌ಸೀನ್‌ನಲ್ಲಿ, ಕೊನೆಗೆ ಬರುವ ಚಿತ್ರಗಳಲ್ಲಿ ಹುಡುಕಿ, ಅಲ್ಲಿ ಸಿಕ್ಕಿದ್ದು ಸಪ್ಪೆ ಎಂದು ಕೈ ಬಿಡುತ್ತೇವೆ. ಈ ಆಟಗಳಲ್ಲಿ ಕಥೆ ಇರುವುದು ಹೊಡೆತದಲ್ಲಿ. ನಿಲುವಿನಲ್ಲಿ, ಕೈ ಎತ್ತುವ ರೀತಿಯಲ್ಲಿ, ಯಾವ ಹೊಡೆತ ಯಾರಿಂದ ಬಂತು ಎಂಬುದರಲ್ಲಿ.

ಭೀಮ ದುರ್ಯೋಧನನ ತೊಡೆಗೆ ಗದೆ ಬೀಸಿದ್ದನ್ನೇ ತೆಗೆದುಕೊಳ್ಳಿ. ಹಿಂದಿನದೇನೂ ಗೊತ್ತಿಲ್ಲದವನಿಗೆ ಅದು ಬರೀ ಮೋಸದ ಹೊಡೆತ, ಸೊಂಟದ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದದ್ದು. ಆ ತೊಡೆಯನ್ನು ತಟ್ಟಿ ತೋರಿಸಿದ ಸಭೆ ಗೊತ್ತಿರುವವನಿಗೆ ಅದೇ ಹೊಡೆತ ಹಲವು ವರ್ಷ ಕಾದಿಟ್ಟ ಪ್ರತಿಜ್ಞೆ. ಗದೆಯ ತೂಕ ಎರಡೂ ಕಡೆ ಒಂದೇ. ಬೀಳುವ ಭಾರ ಬೇರೆ.

ಈ ಆಟಗಳಿಗೆ ಇಂಥ ಮಿತವಾದ ಭಾಷೆ ಬಂದದ್ದು ಆಸೆಯಿಂದಲ್ಲ, ಅನಿವಾರ್ಯದಿಂದ. ಇವು ಹುಟ್ಟಿದ್ದು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ. ಪರದೆಯ ಮೇಲೆ 99ರಿಂದ ಇಳಿಯುವ ಗಡಿಯಾರ, ಹಿಂದೆ ಸರದಿಗಾಗಿ ನಿಂತವರು. ಅಲ್ಲಿ ಕುಳಿತು ಕಥೆ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಸ್ಟ್ರೀಟ್ ಫೈಟರ್ 2ರಲ್ಲಿ ಆಟಗಾರನಿಗೆ ಸಿಕ್ಕಿದ್ದು ಎಂಟು ಜನ. ಒಬ್ಬೊಬ್ಬರಿಗೆ ಒಂದು ಮುಖಚಿತ್ರ, ಒಂದು ಹಿನ್ನೆಲೆ, ಗೆದ್ದ ಮೇಲೆ ಹೇಳುವ ಒಂದೆರಡು ಸಾಲು, ಕೊನೆಯವರೆಗೆ ಗೆದ್ದರೆ ನಾಲ್ಕಾರು ಚಿತ್ರಗಳ ಒಂದು ಮುಕ್ತಾಯ. ಅಷ್ಟರಲ್ಲೇ ಚುನ್-ಲಿ ತಂದೆಯ ಸಮಾಧಿಯ ಮುಂದೆ ನಿಲ್ಲುತ್ತಾಳೆ. ಸೇಡಿಗಾಗಿ ಕೈ ಎತ್ತಿದ ಗೈಲ್‌ನನ್ನು ಹೆಂಡತಿ, ಮಗಳು ಬಂದು ತಡೆಯುತ್ತಾರೆ. ಹಸಿರು ಮೈಯ ಮೃಗದಂತಿರುವ ಬ್ಲಾಂಕಾನನ್ನು ಅವನ ಕಾಲ್ಗಡಗ ನೋಡಿ ತಾಯಿಯೊಬ್ಬಳು ಗುರುತು ಹಿಡಿಯುತ್ತಾಳೆ. ಇವು ಎರಡು ನಿಮಿಷದ ಕಥೆಗಳೂ ಅಲ್ಲ. ಆದರೆ ಮೂವತ್ತು ವರ್ಷ ಕಳೆದರೂ ಜನರ ನೆನಪಿನಲ್ಲಿ ಉಳಿದಿವೆ.

ಹೆಸರಿಲ್ಲದೆಯೂ ಈ ಪಾತ್ರಗಳು ನಿಲ್ಲುತ್ತವೆ ಎಂಬುದಕ್ಕೆ ಅದೇ ಆಟದಲ್ಲಿ ಒಂದು ಪುರಾವೆ ಇದೆ. ಅದರಲ್ಲಿ ಎದುರಾಳಿಯಾಗಿ ಒಬ್ಬ ಬಾಕ್ಸರ್ ಬರುತ್ತಾನೆ, ಜಪಾನಿನಲ್ಲಿ ಅವನ ಹೆಸರು ಎಂ. ಬೈಸನ್. ಅವನು ಮೈಕ್ ಟೈಸನ್‌ನನ್ನು ಹೋಲುತ್ತಿದ್ದ ಕಾರಣ, ಹೊರದೇಶಗಳಲ್ಲಿ ಕೋರ್ಟು ಕಚೇರಿ ಅಲೆಯಬೇಕಾದೀತು ಎಂದು ಕೊನೆಯಲ್ಲಿ ಎದುರಾಗುವ ಮೂವರು ಬಾಸ್‌ಗಳ ಹೆಸರನ್ನು ಅದಲುಬದಲು ಮಾಡಿದರು. ಬಾಕ್ಸರ್ ಬಾಲ್‌ರಾಗ್ ಆದ, ಪಂಜದ ಉಗುರಿನವನು ವೇಗಾ ಆದ, ಕೆಂಪು ಸಮವಸ್ತ್ರದ ಸರ್ವಾಧಿಕಾರಿ ಎಂ. ಬೈಸನ್ ಆದ. ಯಾವ ಪಾತ್ರವೂ ಕುಂದಲಿಲ್ಲ. ಮುಖವಾಡ ತೊಟ್ಟು ಗೋಡೆಯಿಂದ ಹಾರುವವನನ್ನು ಏನೆಂದು ಕರೆದರೂ ಅವನು ತನ್ನ ಚೆಲುವಿನ ಮೋಹಿ ಎಂದು ತಿಳಿಯುತ್ತಿತ್ತು. ಮೈ ಹೇಳುತ್ತಿತ್ತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಮೈಯಲ್ಲೇ ಎಲ್ಲ ಹೇಳಬೇಕಾದಾಗ ಹಗುರ ಊಹೆಗಳು ಸುಲಭವಾಗಿ ನುಸುಳುತ್ತವೆ. ಧಾಲ್ಸಿಮ್‌ನನ್ನು ನೋಡಿ. ಭಾರತದವನು ಎಂದರೆ ಯೋಗಿ, ಯೋಗಿ ಎಂದರೆ ರಬ್ಬರಿನಂತೆ ಉದ್ದವಾಗುವ ಕೈಕಾಲು, ಬಾಯಿಂದ ಬೆಂಕಿ, ಕೊರಳಲ್ಲಿ ತಲೆಬುರುಡೆಯ ಮಾಲೆ. ನೋಡಿದೊಡನೆ ಬೇಸರವಾಗುವ ಚಿತ್ರ ಅದು, ನನಗೂ ಆಗಿದೆ. ಅವನ ಹಿನ್ನೆಲೆ ಓದಿದ ಮೇಲೆ ಆ ಬೇಸರ ಪೂರ್ತಿ ಹೋಗಲಿಲ್ಲ, ಆದರೆ ಜೊತೆಗೆ ಬೇರೇನೋ ಬಂತು. ಆ ಬುರುಡೆಗಳು ಅವನ ಹಳ್ಳಿಯಲ್ಲಿ ಪಿಡುಗಿಗೆ ಸತ್ತ ಮಕ್ಕಳವು. ಅವನು ಹೊಡೆದಾಟಕ್ಕೆ ಇಳಿದಿರುವುದು ಹಳ್ಳಿಯ ಬಡವರಿಗೆ ಹಣ ಕೂಡಿಸಲು. ಹಿಂಸೆ ಒಲ್ಲದವನು ಹಿಂಸೆಯಿಂದ ಗಳಿಸಬೇಕಾದ ಸಂಕಟ ಅದು. ಹಿನ್ನೆಲೆ ಇಲ್ಲದಿದ್ದರೆ ಅವನು ಬರೀ ವ್ಯಂಗ್ಯಚಿತ್ರವಾಗಿ ಉಳಿಯುತ್ತಿದ್ದ.

ಒಂದೇ ಶಾಲೆಯ ಹೊಡೆತ ಬೇರೆ ಬೇರೆ ಕೈಗಳಲ್ಲಿ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡುವುದು ನನಗೆ ಅತಿ ಇಷ್ಟದ ಕೆಲಸ. ಗೈಲ್‌ಗೆ ಸಾನಿಕ್ ಬೂಮ್ ಎಂಬ ದೂರಕ್ಕೆ ಎಸೆಯುವ ಹೊಡೆತ ಕಲಿಸಿದವನು ಅವನ ಸ್ನೇಹಿತ ಚಾರ್ಲಿ. ಎರಡನೇ ಆಟದಲ್ಲಿ ಗೈಲ್ ಸೇಡು ತೀರಿಸಲು ಹೊರಟಿರುವುದು ಆ ಚಾರ್ಲಿಗಾಗಿ. ಚಾರ್ಲಿಯನ್ನು ನಾವು ಕಣ್ಣಾರೆ ನೋಡಿದ್ದು ಆಲ್ಫಾ ಸರಣಿಯಲ್ಲಿ. ಗೈಲ್ ಎರಡೂ ಕೈ ಬೀಸಿ ಎಸೆಯುವ ಸಾನಿಕ್ ಬೂಮ್ ಅನ್ನು ಚಾರ್ಲಿ ಒಂದೇ ಕೈಯಲ್ಲಿ ಎಸೆಯುತ್ತಾನೆ. ಇಷ್ಟೇ. ಗುರು ಯಾರು, ಶಿಷ್ಯ ಯಾರು, ಗೈಲ್ ಯಾಕೆ ಆ ಸ್ನೇಹಿತನನ್ನು ಮರೆಯಲಾರ, ಎಲ್ಲವೂ ಆ ಒಂದು ಕೈಯಲ್ಲಿದೆ.

ಸಕುರಾ ಇನ್ನೂ ಮುದ್ದು. 1996ರ ಆಲ್ಫಾ 2ರಲ್ಲಿ ಬಂದ ಶಾಲಾ ಹುಡುಗಿ. ರಿಯು ಹೊಡೆದಾಡುವುದನ್ನು ನೋಡಿ ಮರುಳಾಗಿ, ಗುರುವಿಲ್ಲದೆ ತಾನೇ ನೋಡಿ ಕಲಿತವಳು. ಅವಳ ಹಡೋಕೆನ್, ಅಂದರೆ ಅಂಗೈಗಳಿಂದ ಎಸೆಯುವ ಶಕ್ತಿಯ ಉಂಡೆ, ಪರದೆಯ ಆ ತುದಿ ಮುಟ್ಟುವುದಿಲ್ಲ, ಸ್ವಲ್ಪ ದೂರ ಹೋಗಿ ಗಾಳಿಯಲ್ಲೇ ಕರಗುತ್ತದೆ. ಅವಳ ಶೊರಿಯುಕೆನ್ ನಿಂತಲ್ಲಿಂದ ನೇರ ಮೇಲೇಳುವುದಿಲ್ಲ. ಅವಳು ಮೊದಲು ನಾಲ್ಕು ಹೆಜ್ಜೆ ಮುಂದಕ್ಕೆ ಓಡಿ ಆಮೇಲೆ ಚಿಮ್ಮುತ್ತಾಳೆ, ಓಟದ ಬಲ ಇಲ್ಲದೆ ಏರಲಾರಳು ಎಂಬಂತೆ. ನನ್ನ ತಮ್ಮ ಸಕುರಾ ಆಡುತ್ತಾನೆ. ಆ ಹಡೋಕೆನ್ ಮುಟ್ಟುವ ದೂರ ಎಷ್ಟು ಎಂದು ಅವನಿಗೆ ಕೂದಲೆಳೆಯಷ್ಟು ಖಚಿತವಾಗಿ ಗೊತ್ತು. ಅದು ಯಾಕೆ ಅಷ್ಟೇ ದೂರ ಎಂದು ಅವನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಈ ಮಾತಿಗೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಟೆಕ್ಕೆನ್ ಎಂಬ ಇನ್ನೊಂದು ಫೈಟಿಂಗ್ ಗೇಮ್ ಸರಣಿಯ ಜಿನ್ ಕಜಾಮಾ. ಮಿಶಿಮಾ ಮನೆತನದ ಕಥೆ ಹೊರಗಿನಿಂದ ನೋಡಿದವರಿಗೆ ತೀರಾ ಅತಿರೇಕ ಅನಿಸಬಹುದು. ಅಪ್ಪ ಹೈಹಾಚಿ ಐದು ವರ್ಷದ ಮಗ ಕಜುಯಾನನ್ನು ಬಂಡೆಯ ತುದಿಯಿಂದ ಕೆಳಗೆ ಎಸೆಯುತ್ತಾನೆ. ಬೆಳೆದು ಬಂದ ಮಗ ಅಪ್ಪನನ್ನು ಸೋಲಿಸಿ ಅದೇ ಬಂಡೆಯಿಂದ ಎಸೆಯುತ್ತಾನೆ. ಅಪ್ಪ ಮತ್ತೆ ಬಂದು ಮಗನನ್ನು ಜ್ವಾಲಾಮುಖಿಗೆ ತಳ್ಳುತ್ತಾನೆ. ಹಗೆ ತಲೆಮಾರಿನಿಂದ ತಲೆಮಾರಿಗೆ ಹರಿದು ಮೊಮ್ಮಗ ಜಿನ್‌ನ ತನಕ ಬರುತ್ತದೆ. 1997ರ ಟೆಕ್ಕೆನ್ 3ರಲ್ಲಿ ತಾಯಿಯನ್ನು ಕಳೆದುಕೊಂಡ ಜಿನ್ ಅಜ್ಜನ ಬಳಿ ಬಂದು ಮಿಶಿಮಾ ಶೈಲಿಯ ಕರಾಟೆ ಕಲಿಯುತ್ತಾನೆ. ಕೊನೆಗೆ ಆ ಅಜ್ಜನೇ ಅವನಿಗೆ ಗುಂಡು ಹಾರಿಸುತ್ತಾನೆ.

ಮುಂದಿನದು 2001ರ ಟೆಕ್ಕೆನ್ 4. ಜಿನ್ ಬದುಕಿದ್ದಾನೆ, ಆದರೆ ಆ ಮನೆತನದ ಹೆಸರೇ ಬೇಡ ಎಂದು ಅಜ್ಜ ಕಲಿಸಿದ್ದನ್ನೆಲ್ಲ ಮರೆತು ಹೊಸದಾಗಿ ಸಾಂಪ್ರದಾಯಿಕ ಕರಾಟೆ ಕಲಿತಿದ್ದಾನೆ. ಇದು ಬರೀ ಪೀಠಿಕೆಯ ಮಾತಾಗಿ ಉಳಿಯಲಿಲ್ಲ. ಟೆಕ್ಕೆನ್ 3ರಲ್ಲಿ ಜಿನ್‌ನನ್ನು ಕಲಿತವರು ಹೊಸ ಆಟದಲ್ಲಿ ಅವನನ್ನು ಆರಿಸಿ, ಬೆರಳುಗಳಿಗೆ ರೂಢಿಯಾಗಿದ್ದ ಕ್ರಮದಲ್ಲಿ ಸ್ಟಿಕ್ ತಿರುಗಿಸಿದರೆ ಆ ಹಳೆಯ ಮಿಶಿಮಾ ಹೊಡೆತಗಳು ಬರುವುದಿಲ್ಲ. ಅವು ಅವನಲ್ಲಿ ಇಲ್ಲವೇ ಇಲ್ಲ. ಅವನು ಮರೆತಿದ್ದಾನೆ, ಆದ್ದರಿಂದ ನಾವೂ ಮರೆಯಬೇಕು. ಅವನಂತೆಯೇ ನಾವೂ ಮೊದಲಿಂದ ಕಲಿಯಬೇಕು. ನನ್ನ ಹೆಬ್ಬೆರಳಿಗೆ ಆ ಹಳೆಯ ಅಭ್ಯಾಸ ಬಿಡಲು ತುಂಬಾ ದಿನ ಹಿಡಿಯಿತು. ಗೊತ್ತಿಲ್ಲದೆ ಕೈ ಅಲ್ಲಿಗೇ ಹೋಗುತ್ತಿತ್ತು. ಸಿಟ್ಟು ಬಂದು ಕಂಟ್ರೋಲರ್ ಪಕ್ಕಕ್ಕಿಟ್ಟಿದ್ದೂ ಉಂಟು. ಆಮೇಲೊಂದು ದಿನ ಹೊಳೆಯಿತು: ರಕ್ತದಲ್ಲಿ ಬಂದದ್ದನ್ನು ಬಿಡುವುದು ಎಷ್ಟು ಕಷ್ಟ ಎಂಬ ಅವನ ಸಂಕಟವೇ ನನ್ನ ಬೆರಳಿನ ಸಂಕಟ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಟೆಕ್ಕೆನ್ 5ರಲ್ಲಿ ಜಿನ್‌ನ ಒಳಗಿನ ದೆವ್ವ ಬೇರೆಯೇ ಪಾತ್ರವಾಗಿ, ಡೆವಿಲ್ ಜಿನ್ ಎಂಬ ಹೆಸರಿನಲ್ಲಿ ಬಂತು. ಆ ದೆವ್ವದ ಕೈಯಲ್ಲಿ ಹಳೆಯ ಮಿಶಿಮಾ ಹೊಡೆತಗಳೆಲ್ಲ ಹಾಗೇ ಇದ್ದವು. ಅವನು ಬಿಟ್ಟದ್ದು ಅವನನ್ನು ಬಿಟ್ಟಿರಲಿಲ್ಲ. ಮತ್ತೆ ಆ ಹೊಡೆತ ಹಾಕಿದಾಗ ಕೈಗೆ ಆದ ಸುಖ, ಮನಸ್ಸಿಗೆ ಆದ ಕಸಿವಿಸಿ, ಎರಡೂ ನೆನಪಿವೆ. ಓದುವ ಕಥೆಯಲ್ಲಾಗಲಿ ನೋಡುವ ಚಿತ್ರದಲ್ಲಾಗಲಿ ಇದನ್ನು ಹೀಗೆ ಹೇಳಲು ಸಾಧ್ಯವಿಲ್ಲ ಎಂದೇ ನನ್ನ ನಂಬಿಕೆ. ಅಲ್ಲಿ ಪಾತ್ರ ತನ್ನ ಹಳೆಯದನ್ನು ತೊರೆಯುವುದನ್ನು ನೋಡಬಹುದು. ಇಲ್ಲಿ ನಮ್ಮ ಕೈಯಿಂದಲೇ ತೊರೆಯಬೇಕು.

ಎಸ್‌ಎನ್‌ಕೆ ಎಂಬ ಕಂಪನಿಯ ಆಟಗಳಲ್ಲೂ ಇಂಥದ್ದೊಂದು ಇದೆ, ಅದನ್ನು ಬಿಟ್ಟರೆ ಮನಸ್ಸು ಒಪ್ಪದು. 1991ರ ಫೇಟಲ್ ಫ್ಯೂರಿಯಲ್ಲಿ ಟೆರಿ ಬೊಗಾರ್ಡ್ ತನ್ನ ತಂದೆಯನ್ನು ಕೊಂದ ಗೀಸ್ ಹೋವರ್ಡ್‌ನ ಬೆನ್ನು ಹತ್ತುತ್ತಾನೆ. 1995ರ ಆಟದಲ್ಲಿ ಗೀಸ್ ಗೋಪುರದಿಂದ ಕೆಳಗೆ ಬೀಳುವಾಗ ಟೆರಿ ಅವನ ಕೈ ಹಿಡಿಯುತ್ತಾನೆ, ಗೀಸ್ ಆ ಕೈ ಬಿಡಿಸಿಕೊಳ್ಳುತ್ತಾನೆ. ಅವನ ಮಗ ರಾಕ್‌ನನ್ನು ಸಾಕಿ ಬೆಳೆಸುವವನು ಟೆರಿಯೇ. 1999ರ ಮಾರ್ಕ್ ಆಫ್ ದ ವುಲ್ವ್ಸ್‌ನಲ್ಲಿ ಬೆಳೆದ ರಾಕ್ ನಮ್ಮ ಕೈಗೆ ಸಿಗುತ್ತಾನೆ. ನೆಲದ ಮೇಲೆ ಹರಿಯುವ ರೆಪ್ಪುಕೆನ್ ಹೆತ್ತ ಅಪ್ಪನದು. ಮೇಲಕ್ಕೆ ಏರುವ ರೈಸಿಂಗ್ ಟ್ಯಾಕಲ್ ಸಾಕಿದವನದು. ಹೆತ್ತವನನ್ನು ದ್ವೇಷಿಸುವ ಹುಡುಗ ಅವನ ರೇಜಿಂಗ್ ಸ್ಟಾರ್ಮ್ ಅನ್ನೂ ಬಳಸುತ್ತಾನೆ. ಒಬ್ಬ ಹುಡುಗನಿಗೆ ಇಬ್ಬರು ಅಪ್ಪಂದಿರು ಎಂಬುದನ್ನು ಆಟ ಒಂದು ಮೂವ್ ಪಟ್ಟಿಯಲ್ಲಿ ಬರೆದಿಟ್ಟಿದೆ.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದದ್ದನ್ನೂ ಹೇಳಬೇಕು, ತಮ್ಮನ ಪಕ್ಷ ಗಟ್ಟಿಯಾದದ್ದೇ. 1993ರಲ್ಲಿ ಸೆಗಾ ತಂದ ವರ್ಚುವಾ ಫೈಟರ್‌ನಲ್ಲಿ ಆಟದೊಳಗೆ ಕಥೆ ಇಲ್ಲವೆಂದೇ ಹೇಳಬೇಕು. ಹೊಡೆದಾಟದ ಶುದ್ಧತೆಗೆ ಅದನ್ನು ಈಗಲೂ ಜನ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಇವೋ ಎಂಬ ಫೈಟಿಂಗ್ ಗೇಮ್ ಸ್ಪರ್ಧೆಯಲ್ಲಿ 2004ರಲ್ಲಿ ನಡೆದ ಸ್ಟ್ರೀಟ್ ಫೈಟರ್ ಪಂದ್ಯದ ಆ ಪ್ರಸಿದ್ಧ ಕ್ಷಣವನ್ನೇ ನೋಡಿ. ಡೈಗೊ ಉಮೆಹಾರ ಆಡುತ್ತಿದ್ದ ಕೆನ್‌ಗೆ ಉಳಿದಿದ್ದು ಗೆರೆಯಷ್ಟು ಜೀವ, ತಡೆದರೂ ಸಾಯುವ ಸ್ಥಿತಿ. ಎದುರಿಗೆ ಜಸ್ಟಿನ್ ವಾಂಗ್‌ನ ಚುನ್-ಲಿ ತನ್ನ ದೊಡ್ಡ ಹೊಡೆತ ಬಿಟ್ಟಳು. 15 ಒದೆತ. ಡೈಗೊ ಒಂದೊಂದನ್ನೂ ಅದರ ಕ್ಷಣಕ್ಕೇ ಪ್ಯಾರಿ ಮಾಡಿ, ಅಂದರೆ ಒಂಚೂರೂ ಪೆಟ್ಟಾಗದಂತೆ ತಳ್ಳಿಹಾಕಿ, ತಿರುಗಿ ಹೊಡೆದು ಆ ರೌಂಡ್ ಗೆದ್ದ. ಪ್ರೇಕ್ಷಕರ ಕೂಗು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಲ್ಲಿ ಕೆನ್ ಯಾರು, ಚುನ್-ಲಿಯ ತಂದೆಗೆ ಏನಾಯಿತು, ಯಾರಿಗೂ ಬೇಕಿರಲಿಲ್ಲ. ಅಲ್ಲಿ ಕಥೆ ಕುರ್ಚಿಯಲ್ಲಿ ಕುಳಿತ ಆ ಇಬ್ಬರದು.

ಆದರೂ ಒಂದು ಮಾತು. ಹೆಸರಿಲ್ಲದ ಎರಡು ಗೊಂಬೆಗಳು ಹಾಗೆ ಹೊಡೆದಾಡಿದ್ದರೆ ಜನ ಅಷ್ಟೇ ಕೂಗುತ್ತಿದ್ದರೇ? ಕೌಶಲ ಅಷ್ಟೇ ಇರುತ್ತಿತ್ತು, ಒಪ್ಪುತ್ತೇನೆ. ಆದರೆ ಆ ಕಾಲುಗಳು ಚುನ್-ಲಿಯವು ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆ ಕಾಲುಗಳಿಗೆ 1991ರಿಂದ ಅವರೆಲ್ಲ ಹೆದರಿದ್ದರು. ಹದಿಮೂರು ವರ್ಷದ ಪರಿಚಯ ಆ ಕೂಗಿನಲ್ಲಿ ಸೇರಿತ್ತು ಅಂತ ನನಗನಿಸುತ್ತದೆ. ವರ್ಚುವಾ ಫೈಟರ್ ವಿಷಯದಲ್ಲೂ ಅಷ್ಟೆ. ಅದನ್ನು ಮಾಡಿದವರೇ ಅದರ ನಾಯಕ ಅಕಿರಾನನ್ನು ಇಟ್ಟುಕೊಂಡು ಒಂದು ದೊಡ್ಡ ಕಥೆಯ ಆಟ ಮಾಡಲು ಹೊರಟರು, ಆ ಯೋಜನೆ ಬೆಳೆದು 1999ರಲ್ಲಿ ಶೆನ್‌ಮೂ ಆಯಿತು. ಕಥೆಯೇ ಬೇಡ ಎಂದಿದ್ದ ಆಟದ ಒಳಗೂ ಒಂದು ಕಥೆ ದಾರಿ ಹುಡುಕುತ್ತಿತ್ತು.

ಜನಕ್ಕೆ ಕಥೆಯ ಹಸಿವು ಎಷ್ಟಿದೆ ಎಂದರೆ, ಇಲ್ಲದ ಕಡೆ ಅವರೇ ಹುಟ್ಟಿಸುತ್ತಾರೆ. ಸ್ಟ್ರೀಟ್ ಫೈಟರ್ 2ರಲ್ಲಿ ಗೆದ್ದ ರಿಯು ಒಂದು ಮಾತು ಹೇಳುತ್ತಿದ್ದ. ಮೂಲ ಜಪಾನಿಯಲ್ಲಿ ಅದರ ಅರ್ಥ, ಶೊರಿಯುಕೆನ್ ಅನ್ನು ಮೀರದೆ ನಿನಗೆ ಗೆಲುವಿಲ್ಲ ಎಂದು. ಇಂಗ್ಲಿಷಿಗೆ ತರುವಾಗ ಹೊಡೆತದ ಹೆಸರು ಮನುಷ್ಯನ ಹೆಸರಾಯಿತು: ಶೆಂಗ್ ಲಾಂಗ್ ಎಂಬವನನ್ನು ಸೋಲಿಸಬೇಕು ಎಂದು. ಯಾರು ಈ ಶೆಂಗ್ ಲಾಂಗ್? 1992ರ ಏಪ್ರಿಲ್ ಸಂಚಿಕೆಯಲ್ಲಿ ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ ಪತ್ರಿಕೆ, ಏಪ್ರಿಲ್ ಒಂದರ ತಮಾಷೆಯಾಗಿ, ಒಂದೂ ಏಟು ತಿನ್ನದೆ ಕೊನೆಯವರೆಗೆ ಹೋದರೆ ಅವನು ಪ್ರತ್ಯಕ್ಷನಾಗುತ್ತಾನೆ ಎಂದು ಬರೆಯಿತು. ಜನ ನಂಬಿದರು. ರಾತ್ರಿಯೆಲ್ಲ ಪ್ರಯತ್ನಪಟ್ಟರು. ಎರಡು ವರ್ಷದ ನಂತರ, 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊದಲ್ಲಿ, ಅಂಥದ್ದೇ ಗುಟ್ಟಿನ ಎದುರಾಳಿಯೊಬ್ಬ ನಿಜವಾಗಿಯೂ ಬಂದ. ಅವನೇ ಅಕುಮಾ.

ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಇದಕ್ಕಿಂತ ಸೋಜಿಗದ್ದು ನಡೆಯಿತು. 1992ರ ಆ ಆಟದಲ್ಲಿ ಸ್ಕಾರ್ಪಿಯನ್, ಸಬ್-ಝೀರೊ ಇಬ್ಬರೂ ಒಬ್ಬನೇ ನಟ, ಒಂದೇ ವೇಷ. ಯಂತ್ರದ ಮೆಮೊರಿ ಉಳಿಸಲು ಒಬ್ಬನಿಗೆ ಹಳದಿ, ಇನ್ನೊಬ್ಬನಿಗೆ ನೀಲಿ ಬಣ್ಣ ಹಚ್ಚಿದರು. ಅವರಿಬ್ಬರ ನಡುವೆ ಕೊಲೆ, ಸೇಡು, ಸತ್ತು ಮರಳಿ ಬಂದ ಪ್ರೇತ ಎಂಬ ಕಥೆ ಹಾಕಿದ ಮೇಲೆ ಅವರು ಒಂದೇ ಅಚ್ಚಿನವರು ಎಂದು ಯಾರಿಗೂ ಅನಿಸಲಿಲ್ಲ. ಅದೇ ಯಂತ್ರದ ಲೆಕ್ಕ ತೋರಿಸುವ ಪರದೆಯಲ್ಲಿ ತಾಂತ್ರಿಕ ದೋಷಗಳ ಸಂಖ್ಯೆ ಹೇಳುವ ಸಾಲೊಂದಿತ್ತು, ಎರ್‌ಮ್ಯಾಕ್ಸ್ ಎಂದು. ಅದು ಯಾರೋ ಅಡಗಿರುವ ಯೋಧನ ಹೆಸರು ಎಂದು ಆಟಗಾರರು ತಿಳಿದರು, ಕಂಡಿದ್ದೇವೆ ಎಂದೂ ಹೇಳಿದರು. 1995ರಲ್ಲಿ ಎರ್‌ಮ್ಯಾಕ್ ನಿಜವಾಗಿ ಪಾತ್ರವಾದ. ಅವನಿಗೆ ಕೊಟ್ಟ ಹಿನ್ನೆಲೆ ನೋಡಿ: ಸತ್ತ ಅನೇಕ ಯೋಧರ ಆತ್ಮಗಳು ಕೂಡಿ ಆದ ಒಂದು ದೇಹ. ಅನೇಕರ ನಂಬಿಕೆ ಕೂಡಿ ಆದವನಿಗೆ ಇದಕ್ಕಿಂತ ಒಪ್ಪುವ ಹಿನ್ನೆಲೆ ಇನ್ನೇನಿದೆ!

ಹಾಗಾದರೆ ಈಗಿನ ದೊಡ್ಡ ಸ್ಟೋರಿ ಮೋಡ್‌ಗಳು? 2011ರ ಮಾರ್ಟಲ್ ಕಾಂಬ್ಯಾಟ್ ಹಳೆಯ ಮೂರು ಆಟಗಳ ಕಥೆಯನ್ನು ಸಿನಿಮಾದಂತೆ ಮತ್ತೆ ಹೇಳಿ ಹೊಸ ದಾರಿ ಹಾಕಿತು. ಅದರಿಂದ ಬಹಳ ಜನ ಈ ಆಟಗಳ ಕಡೆಗೆ ಬಂದರು, ಒಬ್ಬರೇ ಕೂತು ಆಡುವವರಿಗೂ ಜಾಗ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಈ ಬಗೆಯಲ್ಲಿ ಒಂದು ಬಿರುಕಿದೆ. ಒಂದು ಅಧ್ಯಾಯ ಒಬ್ಬ ಪಾತ್ರ, ಮುಂದಿನ ಅಧ್ಯಾಯ ಇನ್ನೊಬ್ಬ. ಕೈಗೆ ಒಬ್ಬ ಪಾತ್ರ ಪಳಗುವಷ್ಟರಲ್ಲಿ ಅವನನ್ನು ಕಿತ್ತುಕೊಳ್ಳುತ್ತಾರೆ. ಇನ್ನೂ ದೊಡ್ಡ ತೊಂದರೆ ನನಗೆ ಒಂದು ಹೊಸ ಆಟದಲ್ಲಿ ಆಯಿತು, ಹೆಸರು ಬೇಡ. ಒಬ್ಬ ಬಲಶಾಲಿ ಎದುರಾಳಿಯ ಜೊತೆ ಐದಾರು ಸಲ ಸೋತು, ಕೈ ಬೆವರಿ, ಕೊನೆಗೊಮ್ಮೆ ಗೆದ್ದೆ. ಎದ್ದು ನಿಂತೇ ಬಿಟ್ಟಿದ್ದೆ. ಮರುಕ್ಷಣ ಕಟ್‌ಸೀನ್ ಬಂತು: ನನ್ನ ಪಾತ್ರ ಮಂಡಿಯೂರಿ ನೆಲಕ್ಕೆ ಬಿದ್ದಿದ್ದಾನೆ, ಎದುರಾಳಿ ನಗುತ್ತಿದ್ದಾನೆ. ಕಥೆಗೆ ನಾನು ಸೋಲಬೇಕಿತ್ತಂತೆ. ಹಾಗಿದ್ದರೆ ನನ್ನ ಕೈಯಲ್ಲಿ ಯಾಕೆ ಗೆಲ್ಲಿಸಿದಿರಿ? ಅವತ್ತು ನನಗೆ ಆದದ್ದು ಬರೀ ಬೇಸರವಲ್ಲ, ಅವಮಾನ. ನನ್ನ ಕೈ ಮಾಡಿದ್ದನ್ನು ಆಟ ನಂಬಲಿಲ್ಲ.

2021ರ ಗಿಲ್ಟಿ ಗಿಯರ್ ಸ್ಟ್ರೈವ್ ಈ ವಿಷಯದಲ್ಲಿ ನೇರ. ಅದರ ಸ್ಟೋರಿ ಮೋಡ್‌ನಲ್ಲಿ ಹೊಡೆದಾಟವೇ ಇಲ್ಲ, ಪೂರ್ತಿ ಕೂತು ನೋಡುವ ಚಿತ್ರ. ಕೆಲವರು ಬೈದರು. ನನಗೆ ಅದು ಗೌರವಯುತ ಅನಿಸಿತು: ನೋಡುವಾಗ ನೋಡು, ಆಡುವಾಗ ಆಡು. ಆದರೆ ಆ ಆಟದಲ್ಲಿ ನನ್ನ ಮನಸ್ಸು ತಟ್ಟಿದ್ದು ಆ ಚಿತ್ರವಲ್ಲ, 2022ರಲ್ಲಿ ಸೇರಿದ ಬ್ರಿಜೆಟ್ ಎಂಬ ಪಾತ್ರದ ಆರ್ಕೇಡ್ ಮೋಡ್, ಅಂದರೆ ಒಬ್ಬೊಬ್ಬ ಎದುರಾಳಿಯನ್ನೇ ಎದುರಿಸುತ್ತಾ ಹೋಗುವ ಆಟ. ಅವಳು ಮೊದಲು ಬಂದದ್ದು 2002ರಲ್ಲಿ. ಅವಳಿ ಗಂಡುಮಕ್ಕಳು ಹುಟ್ಟಿದರೆ ಅಪಶಕುನ ಎಂದು ನಂಬಿದ ಹಳ್ಳಿಯಲ್ಲಿ ಹುಟ್ಟಿ, ಜೀವ ಉಳಿಯಲೆಂದು ಹೆಣ್ಣಾಗಿ ಬೆಳೆಸಲ್ಪಟ್ಟ ಮಗು. ಆ ನಂಬಿಕೆ ಸುಳ್ಳೆಂದು ತೋರಿಸಲು ಮನೆ ಬಿಟ್ಟು ಹೊರಟ ಪಾತ್ರ ಅದು. ಇಪ್ಪತ್ತು ವರ್ಷದ ನಂತರ ಹಿಂತಿರುಗಿ ಬಂದಾಗ ಹಳ್ಳಿಗೆ ತೋರಿಸಬೇಕಾದದ್ದೆಲ್ಲ ತೋರಿಸಿ ಆಗಿದೆ, ಆದರೂ ಒಳಗೆ ಏನೋ ಉಳಿದಿದೆ. ಹಾದಿಯ ಕೊನೆಯಲ್ಲಿ, ತಾನು ಹುಡುಗಿ ಎಂದು ಯಾರ ಒತ್ತಾಯವೂ ಇಲ್ಲದೆ ಅವಳೇ ಹೇಳುತ್ತಾಳೆ. ಕೆಲವೇ ಹೊಡೆದಾಟ, ನಡುನಡುವೆ ನಾಲ್ಕು ಮಾತು, ಅಷ್ಟೇ ಇರುವುದು. ಹಾಗೆ ಬದುಕಿನಲ್ಲಿ ತಮ್ಮನ್ನು ಕಂಡುಕೊಂಡ ಅನೇಕರಿಗೆ ಅದು ಏನಾಗಿತ್ತು ಎಂದು ಅವರು ಬರೆದದ್ದನ್ನು ಓದಿದ್ದೇನೆ. ಪಾತ್ರದ ಹಿನ್ನೆಲೆ ಯಾರಿಗೂ ಬೇಡ ಎನ್ನುವವರು ಅದನ್ನೊಮ್ಮೆ ಓದಬೇಕು.

ಅಕುಮಾ ವಿಷಯ ಅರ್ಧಕ್ಕೇ ಬಿಟ್ಟೆ. ಅವನ ಶುನ್ ಗೊಕು ಸಾತ್ಸು ಎಂಬ ಹೊಡೆತದ ಬಟನ್ ಕ್ರಮ: ಲೈಟ್ ಪಂಚ್, ಲೈಟ್ ಪಂಚ್, ಮುಂದೆ, ಲೈಟ್ ಕಿಕ್, ಹೆವಿ ಪಂಚ್. ಬೇರೆ ಹೊಡೆತಗಳಂತೆ ಸ್ಟಿಕ್ ಸುತ್ತಿಸುವುದಿಲ್ಲ, ಮಂತ್ರದ ಅಕ್ಷರಗಳಂತೆ ಒಂದೊಂದಾಗಿ ಒತ್ತಬೇಕು. ಅಕುಮಾ ಕಾಲೆತ್ತದೆ ನೆಲದ ಮೇಲೆ ಜಾರುತ್ತಾ ಬರುತ್ತಾನೆ. ಎದುರಾಳಿಯನ್ನು ಮುಟ್ಟುತ್ತಾನೆ. ಪರದೆ ಕತ್ತಲಾಗುತ್ತದೆ. ಹೊಡೆತಗಳ ಸದ್ದು ಕೇಳುತ್ತದೆ, ಒಂದೂ ಕಾಣುವುದಿಲ್ಲ. ಬೆಳಕು ಬಂದಾಗ ಎದುರಾಳಿ ನೆಲದ ಮೇಲೆ, ಅಕುಮಾ ನಮಗೆ ಬೆನ್ನು ಮಾಡಿ ನಿಂತಿದ್ದಾನೆ, ಬೆನ್ನ ಮೇಲೆ ಆಕಾಶ ಎಂಬರ್ಥದ ಒಂದು ಅಕ್ಷರ. ಅವನು ಏನು ಮಾಡಿದ ಎಂದು ತೋರಿಸಿದ್ದರೆ ಅವನು ಇನ್ನೊಬ್ಬ ಬಲಶಾಲಿ ಆಗಿರುತ್ತಿದ್ದ. ತೋರಿಸದೆ ಬಿಟ್ಟಿದ್ದರಿಂದ, ಅಂಥದ್ದನ್ನು ಕಲಿಯಲು ಈ ಮನುಷ್ಯ ಏನನ್ನು ತೊರೆದಿರಬೇಕು ಎಂದು ನಾವು ಯೋಚಿಸುವಂತಾಯಿತು.

ಇಷ್ಟೆಲ್ಲ ಬರೆಯುತ್ತಿದ್ದಾಗ ತಮ್ಮ ಬಂದು ಪಕ್ಕದಲ್ಲಿ ಕೂತ. ಏನು ಬರೀತಿದ್ದೀಯ ಎಂದ. ಸಕುರಾಳ ಹಡೋಕೆನ್ ಯಾಕೆ ಗಿಡ್ಡ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

"ಅಂದ್ರೆ ಅವಳಿಗೆ ಯಾರೂ ಹೇಳಿಕೊಡಲೇ ಇಲ್ವಾ?"

"ಇಲ್ಲ. ನೋಡಿ ಕಲಿತಿದ್ದು."

"ನಾನೂ ನೀನ್ ಆಡೋದು ನೋಡೇ ಕಲಿತಿದ್ದು," ಎಂದು ಕಂಟ್ರೋಲರ್ ತೆಗೆದುಕೊಂಡ.

ಅವನು ಸಕುರಾ, ನಾನು ಸಗಾಟ್. ಅವತ್ತು ಹನ್ನೊಂದು ಆಟ ಆಡಿದೆವು. ದೂರದಿಂದ ಟೈಗರ್ ಶಾಟ್ ಎಸೆದು ಅವನನ್ನು ಆಚೆಯೇ ನಿಲ್ಲಿಸಲು ನೋಡಿದೆ. ಅವನು ಒಂದೊಂದನ್ನೂ ಹಾರಿ, ತನ್ನ ಗಿಡ್ಡ ಹಡೋಕೆನ್ ಮುಟ್ಟುವ ದೂರಕ್ಕೆ ಬರುತ್ತಲೇ ಇದ್ದ. ಏಳು ಅವನೇ ಗೆದ್ದ.